ಕಡಲು ಇಲ್ಲಿ, ಹಾಯಿ ಅಲ್ಲಿ: ಇಬಾದ್ ಅಲಿಯ ಕಂಚು ಮತ್ತು ಕರಾವಳಿಯ ಹುಡುಗರು

2023ರ ಸೆಪ್ಟೆಂಬರ್ 26ರ ಮಂಗಳವಾರ ಭಾರತದ ಟಿವಿ ಚಾನೆಲ್‌ಗಳಲ್ಲಿ ಕುದುರೆಗಳದ್ದೇ ಸುದ್ದಿ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಡ್ರೆಸಾಜ್ ತಂಡ ಸ್ಪರ್ಧೆಯಲ್ಲಿ ದೇಶಕ್ಕೆ ಚಿನ್ನ ಬಂದಿತ್ತು. ಅದರ ಹಿಂದಿನ ದಿನ ಮಹಿಳಾ ಕ್ರಿಕೆಟ್ ತಂಡ ಚಿನ್ನ ಗೆದ್ದ ಖುಷಿಯೂ ಇನ್ನೂ ಆರಿರಲಿಲ್ಲ. ಈ ಗದ್ದಲದ ನಡುವೆ ನಿಂಗ್ಬೊ ಬಳಿಯ ಷಿಯಾಂಗ್‌ಶಾನ್ ಸೇಲಿಂಗ್ ಕೇಂದ್ರದಿಂದ ಬಂದ ಇನ್ನೊಂದು ಸುದ್ದಿ ಟಿವಿಯ ಕೆಳಗಿನ ಪಟ್ಟಿಯಲ್ಲಿ ಓಡಿ ಹೋಯಿತು. ಪುರುಷರ ವಿಂಡ್‌ಸರ್ಫಿಂಗ್, ಆರ್‌ಎಸ್:ಎಕ್ಸ್ ವಿಭಾಗದಲ್ಲಿ ಇಬಾದ್ ಅಲಿಗೆ ಕಂಚು. ಅದೇ ದಿನ, ಅದೇ ನೀರಿನಲ್ಲಿ ನೇಹಾ ಠಾಕೂರ್‌ಗೆ ಬೆಳ್ಳಿ. ಮರುದಿನ ವಿಷ್ಣು ಸರವಣನ್‌ಗೆ ಕಂಚು. ಭಾರತ ಆ ಕೂಟದಲ್ಲಿ ಗೆದ್ದ 107 ಪದಕಗಳಲ್ಲಿ ಮೂರು ಹಾಯಿಯಿಂದ ಬಂದವು.

107ರಲ್ಲಿ ಮೂರು ಎಂದರೆ ಏನು ಮಹಾ ಎಂದು ಕೇಳಬಹುದು. ಆದರೆ ಮಂಗಳೂರು, ಉಳ್ಳಾಲ, ಬೆಂಗ್ರೆ, ಮುಲ್ಕಿ, ಮಲ್ಪೆ ಕಡೆಯ ಓದುಗರು ಈ ಮೂರನ್ನು ಸ್ವಲ್ಪ ನಿಂತು ನೋಡಬೇಕು. ಕಡಲನ್ನು ಕಿಟಕಿಯಿಂದಲೇ ನೋಡುತ್ತಾ ಬೆಳೆಯುವ ಮಕ್ಕಳಿರುವ ಊರುಗಳಿವು. 2026ರ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರ ವರೆಗೆ ಜಪಾನಿನ ಐಚಿ-ನಗೋಯಾದಲ್ಲಿ ಮುಂದಿನ ಏಷ್ಯನ್ ಗೇಮ್ಸ್. ಆಗ ಮತ್ತೆ ಹಾಯಿಗಳು ಏಳುತ್ತವೆ. ಆ ಪಟ್ಟಿಯಲ್ಲಿ ಕರಾವಳಿಯ ಹೆಸರನ್ನು ಹುಡುಕಿದರೆ ಎಂತ ಸಿಗುತ್ತದೆ ಎಂಬುದೇ ಪ್ರಶ್ನೆ.

ಮೊದಲು ಆಟ ಯಾವುದು ಎಂದು ನೋಡೋಣ. ವಿಂಡ್‌ಸರ್ಫಿಂಗ್ ಎಂದರೆ ಹಲಗೆ ಮತ್ತು ಹಾಯಿಯ ಸಂಸಾರ. ಹಲಗೆಯ ಮೇಲೆ ಎಲ್ಲ ದಿಕ್ಕಿಗೂ ಬಾಗುವ ಒಂದು ಕಂಬ, ಅದಕ್ಕೆ ಕಟ್ಟಿದ ಹಾಯಿ, ಹಾಯಿಯನ್ನು ಹಿಡಿಯಲು ಅಡ್ಡಕ್ಕೊಂದು ಬೂಮ್. ಚುಕ್ಕಾಣಿ ಇಲ್ಲ, ಇಂಜಿನ್ ಇಲ್ಲ. ದೇಹವನ್ನು ಹಿಂದಕ್ಕೆ ಬಾಗಿಸಿ, ಹಾಯಿಯನ್ನು ಮುಂದಕ್ಕೋ ಹಿಂದಕ್ಕೋ ಓರೆ ಮಾಡಿ ದಿಕ್ಕು ಬದಲಿಸಬೇಕು. ಆರ್‌ಎಸ್:ಎಕ್ಸ್ ಹಲಗೆಯ ಉದ್ದ 2.86 ಮೀಟರ್, ಗಂಡಸರ ಹಾಯಿ 9.5 ಚದರ ಮೀಟರ್. ಒಂದು ಸಣ್ಣ ಕೋಣೆಯ ನೆಲದಷ್ಟು ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಗಾಳಿಯ ಜೊತೆ ಗುದ್ದಾಡುವ ಕೆಲಸ. ಗಾಳಿ ಕಡಿಮೆಯಾದರೆ ಸುಮ್ಮನೆ ನಿಲ್ಲುವ ಹಾಗೂ ಇಲ್ಲ. ಹಾಯಿಯನ್ನು ಬೀಸಣಿಗೆಯಂತೆ ಎಳೆದೆಳೆದು ತಾನೇ ಗಾಳಿ ಹುಟ್ಟಿಸಿಕೊಳ್ಳಬೇಕು. ಅದನ್ನು ಪಂಪಿಂಗ್ ಎನ್ನುತ್ತಾರೆ. ನೋಡುವವರಿಗೆ ಮೋಜು, ಮಾಡುವವನ ರಟ್ಟೆ ಬೀಳುತ್ತದೆ.

ಹಾಯಿಯ ಮೂಲ ನಿಯಮ ಕರಾವಳಿಯ ಹಳೆ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಗಾಳಿಗೆ ನೇರ ಎದುರಾಗಿ ಯಾವ ಹಾಯಿಯೂ ಹೋಗುವುದಿಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಓರೆಯಾಗಿ ಸಾಗಿ ಗಾಳಿ ಬರುವ ಕಡೆಯ ಗುರುತಿನ ಬುರುಡೆಯನ್ನು ಮುಟ್ಟಿ, ಸುತ್ತಿ, ಗಾಳಿಯ ಜೊತೆ ಕೆಳಗೆ ಬರಬೇಕು. ಎಲ್ಲಿ ತಿರುಗಬೇಕು, ಯಾವ ಕಡೆಯ ನೀರಿನ ಮೇಲೆ ಗಾಳಿಯ ನೆರಿಗೆ ದಟ್ಟವಾಗಿದೆ, ಮುಂದಿರುವವನ ಹಾಯಿ ಗಾಳಿ ಕದಿಯುತ್ತಿದೆಯೇ, ಇದೆಲ್ಲ ಕ್ಷಣಕ್ಷಣದ ಲೆಕ್ಕ.

ಅಂಕದ ಲೆಕ್ಕವೂ ಉಲ್ಟಾ. ಮೊದಲು ಬಂದವನಿಗೆ 1, ಎರಡನೆಯವನಿಗೆ 2, ಹೀಗೆ. ಕಡಿಮೆ ಅಂಕ ಬಂದವನೇ ಗೆದ್ದವನು. ಅತಿ ಕೆಟ್ಟ ಒಂದು ರೇಸನ್ನು ಲೆಕ್ಕದಿಂದ ಬಿಡುತ್ತಾರೆ. ಹಾಂಗ್‌ಝೌದಲ್ಲಿ 14 ರೇಸ್. ಕೊನೆಗೆ ಇಬಾದ್ ಅಲಿಯ ನಿವ್ವಳ ಅಂಕ 52. ಥಾಯ್ಲೆಂಡಿನ ನತ್ತಾಫೊಂಗ್ ಫೊನೊಪ್ಪರತ್ 29ಕ್ಕೆ ಬೆಳ್ಳಿ, ದಕ್ಷಿಣ ಕೊರಿಯಾದ ಚೊ ವೊನ್‌ವೂ 13ಕ್ಕೆ ಚಿನ್ನ. ಒಂದು ರೇಸ್ ಬಿಟ್ಟರೆ ಉಳಿಯುವುದು 13. ಹದಿಮೂರು ರೇಸಿಗೆ 13 ಅಂಕ ಎಂದರೆ ಲೆಕ್ಕಕ್ಕೆ ಬಂದ ಪ್ರತಿಯೊಂದರಲ್ಲೂ ಕೊರಿಯಾದವನೇ ಮೊದಲು. ಅಲಿಯ ಸರಾಸರಿ ನಾಲ್ಕನೇ ಸ್ಥಾನ.

ಈ ಅಂಕಿಗಳನ್ನು ಮುಚ್ಚಿಟ್ಟು ಹೊಗಳುವ ಅಗತ್ಯ ಇಲ್ಲ. ಚಿನ್ನಕ್ಕೂ ಭಾರತದ ಕಂಚಿಗೂ ನಡುವೆ 39 ಅಂಕಗಳ ಅಂತರವಿತ್ತು. ಅದೇ ಕೂಟದಲ್ಲಿ ವಿಷ್ಣು ಸರವಣನ್ ಐಎಲ್‌ಸಿಎ-7 ದೋಣಿಯಲ್ಲಿ 34 ಅಂಕ ಪಡೆದರು. ಬೆಳ್ಳಿ ಗೆದ್ದ ಕೊರಿಯಾದ ಹಾ ಜೀಮಿನ್‌ಗೆ 33. ಒಂದೇ ಅಂಕ! ನೇಹಾ ಠಾಕೂರ್ 27 ಅಂಕಕ್ಕೆ ಬೆಳ್ಳಿ ಉಳಿಸಿಕೊಂಡಾಗ ಹಿಂದಿದ್ದ ಸಿಂಗಾಪುರದ ಹುಡುಗಿಗೆ 28. ದೋಣಿಗಳಲ್ಲಿ ಭಾರತ ಏಷ್ಯಾದ ಮುಂಚೂಣಿಯ ಬೆನ್ನಿಗೇ ಇದೆ, ಹಲಗೆಯಲ್ಲಿ ಇನ್ನೂ ಹಿಂದಿದೆ. ಆದರೂ ಒಂದು ಪದಕ ಬಂತು ಎಂಬುದನ್ನು ಬೇರೆ ರೀತಿಯಲ್ಲೂ ಓದಬಹುದು. ಕ್ರಿಕೆಟಿಗೋ ಕಬಡ್ಡಿಗೋ ಇರುವಷ್ಟು ನೂಕುನುಗ್ಗಲು ಇಲ್ಲಿ ಇಲ್ಲ. ಏಷ್ಯಾ ಮಟ್ಟದ ಪದಕಕ್ಕೆ ದಾರಿ ಉದ್ದವಿದೆ, ಆದರೆ ಜನ ಕಡಿಮೆ. ಹತ್ತು ವರ್ಷ ಪಟ್ಟು ಹಿಡಿಯುವ ಹುಡುಗನಿಗೆ ಇದು ದೊಡ್ಡ ಅವಕಾಶ.

ಅಲಿ ಪದಕ ಗೆದ್ದ ಹೊತ್ತಿಗೆ ಆರ್‌ಎಸ್:ಎಕ್ಸ್ ಹಲಗೆ ಒಲಿಂಪಿಕ್ಸ್‌ನಿಂದ ಹೊರಗೆ ಹೋಗಿ ಆಗಿತ್ತು ಎಂಬುದೂ ಗಮನಿಸಬೇಕಾದ್ದು. ವಿಂಡ್‌ಸರ್ಫಿಂಗ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಗಂಡಸರಿಗೆ ಮಾತ್ರ. ಹೆಂಗಸರ ಸ್ಪರ್ಧೆ 1992ರಿಂದ. ಅಲ್ಲಿಂದ ಹಲಗೆ ಹಲವು ಸಲ ಬದಲಾಯಿತು. 2008ರಿಂದ ಟೋಕಿಯೊವರೆಗೆ ಆರ್‌ಎಸ್:ಎಕ್ಸ್. 2024ರ ಪ್ಯಾರಿಸ್ ಕೂಟದಲ್ಲಿ, ಮಾರ್ಸೇಯ್ ಕಡಲಲ್ಲಿ, ಐಕ್ಯೂಫಾಯಿಲ್ ಬಂತು. ಇದರ ಹಲಗೆಯ ಕೆಳಗೆ ವಿಮಾನದ ರೆಕ್ಕೆಯಂಥ ಒಂದು ಫಾಯಿಲ್. ವೇಗ ಬಂದ ಕೂಡಲೇ ಹಲಗೆ ನೀರಿನಿಂದ ಮೇಲೆದ್ದು ಹಾರಿದಂತೆ ಸಾಗುತ್ತದೆ. ಹಾಂಗ್‌ಝೌದಲ್ಲಿ ಹಳೆಯದೂ ಹೊಸದೂ ಎರಡೂ ಸ್ಪರ್ಧೆಗಳಿದ್ದವು. ಭಾರತದ ಕಂಚು ಹಳೆಯ ಹಲಗೆಗೆ ಬಂತು. ಪ್ಯಾರಿಸ್‌ಗೆ ಭಾರತದಿಂದ ಹೋದ ಸೇಲರ್‌ಗಳು ಇಬ್ಬರೇ, ವಿಷ್ಣು ಸರವಣನ್ ಮತ್ತು ನೇತ್ರಾ ಕುಮನನ್. ಇಬ್ಬರೂ ದೋಣಿಯವರು. ವಿಂಡ್‌ಸರ್ಫಿಂಗ್‌ಗೆ ಒಬ್ಬರೂ ಇಲ್ಲ. ಹಲಗೆ, ಹಾಯಿ, ಫಾಯಿಲ್ ಎಲ್ಲ ಹೊರದೇಶದಿಂದ ತರಿಸಬೇಕು, ಖರ್ಚು ಲಕ್ಷಗಳಲ್ಲಿ. ಮನೆಯವರ ಕಿಸೆಯಿಂದ ಆಗುವ ಮಾತಲ್ಲ. ಹಾಗಾಗಿ ಈ ಆಟದಲ್ಲಿ ಯಾರು ಮೇಲೆ ಬರುತ್ತಾರೆ ಎಂಬುದನ್ನು ಸಂಸ್ಥೆಗಳೇ ನಿರ್ಧರಿಸುತ್ತವೆ.

ಇಲ್ಲಿಂದಲೇ ಕರಾವಳಿಗೆ ನಾಟುವ ಮಾತು ಶುರು. ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಹಳ್ಳಿಯ ರೈತನ ಮಗಳು. ಅವರು ಕಲಿತದ್ದು ಭೋಪಾಲದ ನ್ಯಾಷನಲ್ ಸೇಲಿಂಗ್ ಸ್ಕೂಲಿನಲ್ಲಿ, ರಾಜಾ ಭೋಜನ ಕಾಲದ್ದೆಂದು ಹೇಳುವ ದೊಡ್ಡ ಕೆರೆಯ ನೀರಿನಲ್ಲಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಹರ್ಷಿತಾ ತೋಮರ್ ಕೂಡ ಮಧ್ಯಪ್ರದೇಶದವರೇ. ಆ ರಾಜ್ಯಕ್ಕೆ ಒಂದು ಗೇಣು ಕಡಲಿಲ್ಲ. ಕೆರೆ ಇದೆ, ಶಾಲೆ ಇದೆ, ತರಬೇತುದಾರ ಇದ್ದಾನೆ, ಬೆಳಿಗ್ಗೆ ಬಂದ ಮಕ್ಕಳಿಗೆ ಕೊಡಲು ದೋಣಿ ಇದೆ. ಅಷ್ಟೇ. 2018ರಲ್ಲಿ ವರುಣ್ ಠಕ್ಕರ್ ಜೊತೆ 49ಇಆರ್ ದೋಣಿಯಲ್ಲಿ ಕಂಚು ಗೆದ್ದು, ಟೋಕಿಯೊ ಒಲಿಂಪಿಕ್ಸ್‌ಗೂ ಹೋದ ಕೆ.ಸಿ. ಗಣಪತಿ ಕೊಡಗು ಮೂಲದವರು. ಕೊಡಗಿನಲ್ಲೂ ಕಡಲಿಲ್ಲ, ಅವರ ಹಾಯಿ ಬಿಚ್ಚಿದ್ದು ಚೆನ್ನೈಯಲ್ಲಿ.

ಇನ್ನೂ ಒಳಗೆ ಹೋಗಿ ನೋಡಿ. ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿ, ಬೀದರ್ ಗಡಿಗೆ ತಾಗಿಕೊಂಡು ನಾಗಲಗಿದ್ದ ಎಂಬ ಊರಿದೆ. ಅಲ್ಲೂ, ಪಕ್ಕದ ನಾರಾಯಣಖೇಡ, ಝಹೀರಾಬಾದ್ ಕಡೆಯಲ್ಲೂ, ಕಲಬುರಗಿಗೆ ಹತ್ತಿರದ ತಾಂಡೂರಿನಲ್ಲೂ ಮನೆಯೊಳಗೆ ಕನ್ನಡ ಮಾತನಾಡುವ ಕುಟುಂಬಗಳು ಇವೆ. ತೊಗರಿ, ಹತ್ತಿಯ ಸೀಮೆ. ಅಲ್ಲಿಯ ಹುಡುಗನಿಗೆ ನೀರು ಎಂದರೆ ಬೀದರ್ ಕಡೆಯಿಂದ ಹರಿದು ಬರುವ ಮಂಜೀರಾ ನದಿ, ಅದಕ್ಕೆ ಕಟ್ಟಿದ ಸಿಂಗೂರು ಅಣೆಕಟ್ಟು. ಕಡಲನ್ನು ಸಿನಿಮಾದಲ್ಲಿ ನೋಡಿರುತ್ತಾನೆ. ಆದರೆ ಅವನು ಬಸ್ ಹತ್ತಿ ಹೈದರಾಬಾದಿಗೆ ಹೋದರೆ ನಗರದ ನಡುವೆ ಹುಸೇನ್ ಸಾಗರ. ಕುತುಬ್ ಶಾಹಿಗಳ ಕಾಲದ, 16ನೇ ಶತಮಾನದ ಕೆರೆ. ಅದರ ದಂಡೆಯಲ್ಲಿ ಸೇನೆಯ ಇಎಂಇ ಸೇಲಿಂಗ್ ಅಸೋಸಿಯೇಷನ್, ಸಿಕಂದರಾಬಾದ್ ಸೇಲಿಂಗ್ ಕ್ಲಬ್, ಸುಹೇಮ್ ಶೇಖ್ ಕಟ್ಟಿ ಬೆಳೆಸಿದ ಯಾಟ್ ಕ್ಲಬ್ ಆಫ್ ಹೈದರಾಬಾದ್. ಈ ಕೊನೆಯ ಕ್ಲಬ್ ಬಡ ಮನೆಗಳ ಮಕ್ಕಳನ್ನು ಕರೆದು ಸಣ್ಣ ಆಪ್ಟಿಮಿಸ್ಟ್ ದೋಣಿಯಲ್ಲಿ ಕೂರಿಸಿ ಕಲಿಸಿದ್ದಕ್ಕೆ ಹೆಸರಾದದ್ದು. ಹೈದರಾಬಾದಿನ ಪ್ರೀತಿ ಕೊಂಗರ ಹಾಂಗ್‌ಝೌದಲ್ಲಿ ಭಾರತದ ತಂಡದಲ್ಲಿದ್ದರು.

ಹುಸೇನ್ ಸಾಗರದಲ್ಲಿ ದೊಡ್ಡ ರೇಸ್‌ಗಳು ನಡೆಯುವುದು ಮಳೆಗಾಲದಲ್ಲಿ. ನೈಋತ್ಯ ಮಾರುತದ ಗಾಳಿ ದಖನ್ ಬಯಲಿನ ಮೇಲೆ ಚೆನ್ನಾಗಿ ಬೀಸುವ ಹೊತ್ತು ಅದು. ಅದೇ ಹೊತ್ತಿಗೆ ಕರಾವಳಿಯಲ್ಲಿ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ದಡಕ್ಕೆ, ಕಡಲು ಯಾರನ್ನೂ ಒಳಗೆ ಬಿಡುವುದಿಲ್ಲ. ಹೀಗೆ ನೋಡಿದರೆ ನಾಗಲಗಿದ್ದದ ಹುಡುಗ ಉಳ್ಳಾಲದ ಹುಡುಗನಿಗಿಂತ ಹಾಯಿಗೆ ಹತ್ತಿರ ಇದ್ದಾನೆ. ಇದನ್ನು ತಮಾಷೆಯೆಂದು ನಕ್ಕು ಬಿಡುವ ಹಾಗಿಲ್ಲ.

ಯಾಕೆಂದರೆ ಇಲ್ಲಿಯ ಸಮುದಾಯದ ಹೆಸರಿನಲ್ಲೇ ಕಡಲು ಇರಬಹುದು. ಬ್ಯಾರಿ ಎಂಬ ಪದ ತುಳುವಿನ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂತು ಎಂದು ಒಂದು ವಾದ. ಅರಬ್ಬಿಯ 'ಬಹ್ರ್', ಅಂದರೆ ಕಡಲಿನಿಂದ ಬಂತು ಎಂದು ಇನ್ನೊಂದು. ಎರಡರಲ್ಲಿ ಯಾವುದು ಸರಿಯಾದರೂ ದಾರಿ ನೀರಿನದ್ದೇ. ಇಂಜಿನ್ ಬರುವ ಮೊದಲು ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೋಗುತ್ತಿದ್ದ ಮಂಜಿಗಳು ಹಾಯಿ ಬಿಚ್ಚಿಕೊಂಡೇ ಹೋಗುತ್ತಿದ್ದವು. ಗಾಳಿ ಯಾವ ತಿಂಗಳು ಎಲ್ಲಿಂದ, ಬೆಳಿಗ್ಗೆ ನೆಲದಿಂದ ಕಡಲಿಗೆ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ, ಈ ಲೆಕ್ಕ ಅಜ್ಜಂದಿರ ಬಾಯಲ್ಲಿತ್ತು. ಇಂಜಿನ್ ಬಂತು, ಹಾಯಿ ಮಡಚಿತು. ಅದರಲ್ಲಿ ಬೇಸರಿಸುವುದಕ್ಕೇನಿಲ್ಲ, ಹಾಯಿಯ ಕಾಲದ ಬದುಕು ಸುಖದ್ದಾಗಿರಲಿಲ್ಲ, ಎಷ್ಟೋ ಜನ ಮನೆಗೆ ಹಿಂದಿರುಗಿಲ್ಲ. ಆದರೆ ಹಾಯಿಯ ಜೊತೆಗೆ ಕಡಲಿನ ಸಲುಗೆಯೂ ಹೋಯಿತು. ಈಗ ಉಳ್ಳಾಲದವರಿಗೆ ಕಡಲು ಎಂದರೆ ಕಡಲ್ಕೊರೆತ, ಕಲ್ಲು ಹಾಕಿಸುವ ಅರ್ಜಿ, ಸೋಮೇಶ್ವರದಲ್ಲಿ ನೀರುಪಾಲಾದವರ ಸುದ್ದಿ. ಮನೆಯಲ್ಲಿ ತಾಯಂದಿರು 'ಕಡಲಿಗೆ ಇಳಿಯಬೇಡ' ಎನ್ನುತ್ತಾರೆ. ಆ ಮಾತಿನಲ್ಲಿ ತಪ್ಪೂ ಇಲ್ಲ. ಈಜು ಕಲಿಸುವವರಿಲ್ಲದ, ಲೈಫ್ ಜಾಕೆಟ್ ಇಲ್ಲದ ದಡದಲ್ಲಿ ಮಗನನ್ನು ನೀರಿಗೆ ಬಿಡುವುದು ಯಾವ ತಾಯಿಗೆ ಬೇಕು?

ಹಾಗೆಂದು ಕರಾವಳಿ ಬರಿದಾಗಿಲ್ಲ. ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಎರಡು ದಶಕದಿಂದ ಇದೆ. ಸಸಿಹಿತ್ಲುವಿನಲ್ಲಿ ರಾಷ್ಟ್ರ ಮಟ್ಟದ ಸರ್ಫಿಂಗ್ ಸ್ಪರ್ಧೆಗಳು ನಡೆದಿವೆ. ನಿಂತು ಹುಟ್ಟು ಹಾಕುವ ಪ್ಯಾಡಲ್ ಹಲಗೆಯಲ್ಲಿ ಮುಲ್ಕಿಯ ತನ್ವಿ ಜಗದೀಶ್ ದೇಶಕ್ಕೇ ಹೆಸರು ತಂದವರು. ಕರ್ನಾಟಕದ ಮೂಲದ, ಕೇರಳದ ಕೋವಳಂನಲ್ಲಿ ಬೆಳೆದ ರಮೇಶ್ ಬುದಿಹಾಳ್ 2025ರ ಆಗಸ್ಟ್‌ನಲ್ಲಿ ಮಹಾಬಲಿಪುರಂನ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದರು. ಕಡಲ ದಡದಲ್ಲಿ ಕರಕುಶಲ ವಸ್ತು ಮಾರುವವರ ಮನೆಯ ಮಗ. ಐಚಿ-ನಗೋಯಾದಲ್ಲಿ ಸರ್ಫಿಂಗ್ ಮೊದಲ ಬಾರಿ ಏಷ್ಯನ್ ಗೇಮ್ಸ್ ಒಳಗೆ ಬರುತ್ತಿದೆ. ಮುಲ್ಕಿಯ ಕಥೆ ಏನು ಹೇಳುತ್ತದೆ ಎಂದರೆ, ಒಂದು ಊರಿನಲ್ಲಿ ಒಂದು ಕ್ಲಬ್ ಬಾಗಿಲು ತೆರೆದು ಕೂತರೆ ಹತ್ತು ವರ್ಷದೊಳಗೆ ಹೆಸರುಗಳು ಬರುತ್ತವೆ. ಆದರೆ ಅಲೆಯ ಹಲಗೆ ಬೇರೆ, ಹಾಯಿಯ ಹಲಗೆ ಬೇರೆ. ಅಲೆಗೆ ಧೈರ್ಯ, ಒಂದು ಹಲಗೆ ಸಾಕು. ಹಾಯಿಗೆ ಸಲಕರಣೆ, ರಕ್ಷಣಾ ದೋಣಿ, ಗುರುತಿನ ಬುರುಡೆ, ಬೇರೆ ಊರಿಗೆ ರೇಸಿಗೆ ಹೋಗುವ ಖರ್ಚು, ಎಲ್ಲವೂ ಬೇಕು. ಪಡುಬಿದ್ರಿ, ಕಾಸರಕೋಡು ಬೀಚ್‌ಗಳಿಗೆ 2020ರಲ್ಲಿ ನೀಲಿ ಬಾವುಟ ಬಂತು, ಸಂತೋಷ. ಬಾವುಟದ ಕೆಳಗೆ ಸ್ಥಳೀಯ ಮಕ್ಕಳಿಗೆ ಹಾಯಿ ಕಲಿಸುವ ಒಂದು ಶೆಡ್ ಕೂಡ ಬೇಕಿತ್ತು. ಭೋಪಾಲದಂಥ ಒಂದು ರಾಷ್ಟ್ರೀಯ ಶಾಲೆ, ಸುಮಾರು 320 ಕಿಲೋಮೀಟರ್ ಕಡಲು ಇರುವ ಕರ್ನಾಟಕದಲ್ಲಿಲ್ಲ. ರಾಜ್ಯದಲ್ಲಿ ಹಾಯಿದೋಣಿಗೆ ಹೆಸರಾದ ತಾಣ ಬೆಂಗಳೂರಿನ ಹಲಸೂರು ಕೆರೆ, ಅದೂ ಮದ್ರಾಸ್ ಇಂಜಿನಿಯರ್ ಗ್ರೂಪಿನ ತೃಷ್ಣಾ ಸೇಲಿಂಗ್ ಕ್ಲಬ್‌ನಿಂದಾಗಿ.

ಉತ್ತರಕ್ಕೆ ಗೋವಾ ನೋಡಿ. ಪಣಜಿ ಬಳಿ ಕೇಂದ್ರ ಸರಕಾರದ ಜಲಕ್ರೀಡಾ ಸಂಸ್ಥೆ ಇದೆ. ಡೇನ್ ಮತ್ತು ಕಾಟ್ಯಾ ಕೊಯೆಲ್ಹೊ ಎಂಬ ಸಹೋದರ-ಸಹೋದರಿ ಅಲ್ಲಿಂದ ಹೊರಟು ವಿಂಡ್‌ಸರ್ಫಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದರು. ಕಡಲು ಇಲ್ಲಿಯದ್ದೇ ಅರಬ್ಬೀ ಕಡಲು, ಮಧ್ಯಾಹ್ನದ ಗಾಳಿಯೂ ಅದೇ.

ಕರಾವಳಿಯ ಅರ್ಧ ಮನೆಗಳು ನೆಂಟಸ್ತಿಕೆ ಇಟ್ಟುಕೊಂಡಿರುವ ಕೊಲ್ಲಿಯ ಕಡೆಗೂ ಕಣ್ಣು ಹಾಯಿಸಬಹುದು. ಒಮಾನ್ ದೇಶ 2008ರಲ್ಲಿ 'ಒಮಾನ್ ಸೇಲ್' ಎಂಬ ಯೋಜನೆ ಶುರು ಮಾಡಿತು. ತಮ್ಮ ಹಿರಿಯರ ಹಾಯಿ ಹಡಗಿನ ಪರಂಪರೆಯನ್ನು ಮ್ಯೂಸಿಯಂನಲ್ಲಿ ಇಟ್ಟು ಹೊಗಳುವುದರ ಜೊತೆಗೆ, ಒಮಾನಿ ಮಕ್ಕಳಿಗೆ ಹಾಯಿ ಕಲಿಸಿ ಕೆಲಸಕ್ಕೂ ಪದಕಕ್ಕೂ ಸಜ್ಜು ಮಾಡುವುದು ಅದರ ಲೆಕ್ಕ. 2021ರ ಏಪ್ರಿಲ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಏಷ್ಯನ್ ಅರ್ಹತಾ ರೇಸ್ ನಡೆದದ್ದು ಒಮಾನಿನ ಮುಸ್ಸನಾದಲ್ಲಿ. ನೇತ್ರಾ, ವಿಷ್ಣು, ಗಣಪತಿ-ವರುಣ್ ಜೋಡಿ, ಎಲ್ಲರೂ ಟಿಕೆಟ್ ಪಡೆದದ್ದು ಅಲ್ಲೇ. ಮಸ್ಕತ್‌ನಲ್ಲಿ ಅಂಗಡಿ, ಹೊಟೇಲು ನಡೆಸುವ ಎಷ್ಟೋ ಕರಾವಳಿಗರಿಗೆ ತಮ್ಮ ಪಕ್ಕದಲ್ಲೇ ಇದು ನಡೆದದ್ದು ಗೊತ್ತಾಗಿರಲಿಕ್ಕಿಲ್ಲ.

ಮೀನುಗಾರರ ಊರಿನಿಂದ ವಿಂಡ್‌ಸರ್ಫಿಂಗ್ ಚಾಂಪಿಯನ್ ಬರುವುದು ಕನಸಿನ ಮಾತೇನೂ ಅಲ್ಲ. ಹಾಂಗ್‌ಕಾಂಗ್ ಪಕ್ಕದ ಚ್ಯೂಂಗ್ ಚಾವ್ ಎಂಬ ಸಣ್ಣ ದ್ವೀಪ, ಮೀನುಗಾರರದ್ದೇ ಊರು. ಅಲ್ಲಿಯ ಹುಡುಗಿ ಲೀ ಲಾಯ್ ಶಾನ್‌ಗೆ ಹಾಯಿ ಹಲಗೆ ಪರಿಚಯವಾದದ್ದು ದಡದಲ್ಲಿ ವಿಂಡ್‌ಸರ್ಫಿಂಗ್ ಕೇಂದ್ರ ನಡೆಸುತ್ತಿದ್ದ ತನ್ನ ಮಾವನಿಂದ. 1996ರ ಅಟ್ಲಾಂಟಾದಲ್ಲಿ ಆಕೆ ಗೆದ್ದ ಚಿನ್ನ ಹಾಂಗ್‌ಕಾಂಗ್‌ನ ಮೊತ್ತಮೊದಲ ಒಲಿಂಪಿಕ್ ಚಿನ್ನ. ಬೆಂಗ್ರೆಗೂ ಆ ದ್ವೀಪಕ್ಕೂ ಭೂಗೋಳದಲ್ಲಿ ಅಂಥ ದೊಡ್ಡ ವ್ಯತ್ಯಾಸವಿಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಫಲ್ಗುಣಿ. ಅಳಿವೆಯ ಒಳಗಿನ ಶಾಂತ ನೀರು ಕಲಿಯುವ ಮಕ್ಕಳಿಗೆ ಕೆರೆಗಿಂತ ಒಳ್ಳೆಯದು ಎಂದರೂ ನಡೆಯುತ್ತದೆ, ಆದರೆ ಮೀನು ದೋಣಿಗಳ ಓಡಾಟಕ್ಕೆ ಅಡ್ಡಿಯಾಗದ ಜಾಗ, ಹೊತ್ತು ಮೊದಲೇ ನಿಗದಿಯಾಗಬೇಕು. ಆ ಮಾತುಕತೆಯಲ್ಲಿ ಮೀನುಗಾರರ ಸಂಘವನ್ನು ಬಿಟ್ಟು ಪ್ರವಾಸೋದ್ಯಮದ ಟೆಂಡರ್‌ದಾರರನ್ನು ಮಾತ್ರ ಕೂರಿಸಿದರೆ ಮೊದಲ ವರ್ಷವೇ ಜಗಳ ಗ್ಯಾರಂಟಿ.

ಸರಕಾರ ಶಾಲೆ ಕಟ್ಟುವವರೆಗೆ ಕಾಯಬೇಕೆಂದೂ ಇಲ್ಲ, ಈಗಲೇ ತೆರೆದಿರುವ ಬಾಗಿಲುಗಳಿವೆ. ಮಂಗಳೂರಿನಲ್ಲಿ ಎನ್‌ಸಿಸಿಯ ನೌಕಾ ಘಟಕ ಇದೆ. ನೌಕಾ ಕೆಡೆಟ್‌ಗಳಿಗೆ ದೋಣಿ ಹುಟ್ಟು ಹಾಕುವುದು, ಹಾಯಿ ಬಿಡುವುದು ತರಬೇತಿಯ ಭಾಗ. ಕಾಲೇಜಿಗೆ ಸೇರುವ ಹುಡುಗ-ಹುಡುಗಿಯರಿಗೆ ಖರ್ಚಿಲ್ಲದೆ ಹಾಯಿ ಮುಟ್ಟಲು ಸಿಗುವ ಹತ್ತಿರದ ಜಾಗ ಅದು. ಸೇನೆಯ ಬಾಯ್ಸ್ ಸ್ಪೋರ್ಟ್ಸ್ ಕಂಪೆನಿಗಳು 8ರಿಂದ 14 ವಯಸ್ಸಿನ ಹುಡುಗರನ್ನು ಆರಿಸಿ ಊಟ, ಓದು, ತರಬೇತಿ ಎಲ್ಲ ನೋಡಿಕೊಳ್ಳುತ್ತವೆ. ವಿಷ್ಣು ಸರವಣನ್ ಸೇನೆಯವರೇ, ಮುಂಬೈಯ ಆರ್ಮಿ ಯಾಟಿಂಗ್ ನೋಡ್‌ನಲ್ಲಿ ಪಳಗಿದವರು. ಪದಕ ಬಾರದಿದ್ದರೂ ಕೈಗೆ ಒಂದು ಕೆಲಸ ಇರುತ್ತದೆ ಎಂಬುದು ಮನೆಯ ಹಿರಿಯರನ್ನು ಒಪ್ಪಿಸಲು ಸಾಕಷ್ಟು ಬಲವಾದ ಮಾತು. ಮದರಸ, ಶಾಲೆ, ಟ್ಯೂಷನ್ ಎಂದು ದಿನ ತುಂಬಿರುವ ಮಕ್ಕಳಿಗೆ ವಾರಕ್ಕೆ ಎರಡು ಸಂಜೆ ಈಜು ಕಲಿಸುವುದನ್ನು ಜಮಾಅತ್‌ಗಳು, ಯುವಕರ ಸಂಘಗಳು ಕೈಗೆತ್ತಿಕೊಳ್ಳಬಹುದು. ಈಜು ಬಾರದವನನ್ನು ಯಾವ ಸೇಲಿಂಗ್ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ. ಹೆಣ್ಣುಮಕ್ಕಳಿಗೂ ಅದನ್ನು ಏರ್ಪಾಡು ಮಾಡಬೇಕು. ಭಾರತದ ಹಾಯಿ ಪದಕಗಳಲ್ಲಿ ಹುಡುಗಿಯರ ಪಾಲು ಸಣ್ಣದಲ್ಲ ಎಂಬುದಕ್ಕೆ ನೇಹಾ, ಹರ್ಷಿತಾ ಸಾಕ್ಷಿ.

ವಯಸ್ಸಿನ ಲೆಕ್ಕವನ್ನೂ ಮರೆಯುವ ಹಾಗಿಲ್ಲ. ಹಾಯಿ ಕಲಿಯುವ ಮಕ್ಕಳ ಮೊದಲ ದೋಣಿ ಆಪ್ಟಿಮಿಸ್ಟ್. ಅದರ ರೇಸ್‌ಗಳಿಗೆ ಹದಿನೈದು ದಾಟಿದವರಿಗೆ ಪ್ರವೇಶವಿಲ್ಲ. ಅಂದರೆ ಎಂಟು-ಹತ್ತು ವರ್ಷಕ್ಕೆ ನೀರಿಗಿಳಿದರೆ ಐದಾರು ವರ್ಷ ಅದರಲ್ಲಿ ಪಳಗಿ, ಆಮೇಲೆ ದೊಡ್ಡ ದೋಣಿಗೋ ಹಲಗೆಗೋ ಏರುವುದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಐಕ್ಯೂಫಾಯಿಲ್ ಇದೆ, ಆದರೆ ಈಗ ಶುರು ಮಾಡುವವರಿಗೆ ಅದು ಸಿಗುವ ದೂರವಲ್ಲ. ಈಗ ನಾಲ್ಕನೇ ಕ್ಲಾಸಿನಲ್ಲಿರುವ ಬೆಂಗ್ರೆಯ ಒಬ್ಬ ಹುಡುಗ 2032ರ ಬ್ರಿಸ್ಬೇನ್ ಹೊತ್ತಿಗೆ ಕಾಲೇಜಿನ ಹೊಸ್ತಿಲಲ್ಲಿ ಇರುತ್ತಾನೆ. ಅವನಿಗೆ ಬೇಕಾದದ್ದು ಮುಂದಿನ ಡಿಸೆಂಬರ್‌ನಲ್ಲಿ, ಕಡಲು ತಣ್ಣಗಾಗಿ ಮಧ್ಯಾಹ್ನದ ಗಾಳಿ ಹದವಾಗಿ ಬೀಸುವ ಹೊತ್ತಿಗೆ, ಅಳಿವೆಯ ಒಳಗೆ ಎರಡು ಹಳೆಯ ಆಪ್ಟಿಮಿಸ್ಟ್ ದೋಣಿ, ನಾಲ್ಕು ಲೈಫ್ ಜಾಕೆಟ್ ಮತ್ತು ಹಗ್ಗ ಕಟ್ಟುವುದನ್ನು ತೋರಿಸಿಕೊಡುವ ಒಬ್ಬ ನಿವೃತ್ತ ನೌಕಾಪಡೆಯವರು.